ಕೆಲಸ ಬಿಟ್ಟು ಫೋಟೋಗ್ರಾಫರ್ ಆಗಲಾ?

ಪ್ರಶ್ನೆ: ನನಗೆ 27 ವರ್ಷ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ, ಅಂಧೇರಿಯಲ್ಲಿ ಅಕೌಂಟ್ಸ್ ಕೆಲಸ. ನಾಲ್ಕು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೇನೆ. ನೆಂಟರ ಮನೆಯ ನಾಮಕರಣ, ಸಂಘದ ಕಾರ್ಯಕ್ರಮ, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಕೆಲಸ ಬಿಟ್ಟು ಇದನ್ನೇ ಮಾಡೋಣ ಅಂತ ಆಸೆ. ಅಪ್ಪ ಕುಂದಾಪುರದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿನ ಹೋಟೆಲಿನಲ್ಲಿ ಮ್ಯಾನೇಜರ್. 'ಫೋಟೋ ತೆಗೆಯೋದು ಒಂದು ಕೆಲಸವಾ?' ಅಂತ ಕೇಳುತ್ತಾರೆ. ಈ ಕೆಲಸದವರ ದಿನ ನಿಜಕ್ಕೂ ಹೇಗಿರುತ್ತದೆ? ಇಷ್ಟಪಟ್ಟದ್ದನ್ನೇ ಹೊಟ್ಟೆಪಾಡು ಮಾಡಿಕೊಂಡರೆ ಇರುವ ಪ್ರೀತಿಯೂ ಹೋಗಿಬಿಡುತ್ತದಾ? ನೀವು ಇಷ್ಟು ವರ್ಷ ಈ ಕೆಲಸದಲ್ಲಿ ಹೇಗೆ ಉಳಿದಿರಿ?

ಉತ್ತರ: ನಿಮ್ಮ ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ತಪ್ಪೇನೂ ಇಲ್ಲ. ಮೂವತ್ತು ವರ್ಷ ಬೆಳಗಿನ ಜಾವ ಹೋಟೆಲಿನ ಶಟರ್ ಎತ್ತಿಸಿದವರಿಗೆ ಕೆಲಸ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ. ಮಗಳು ಕ್ಯಾಮೆರಾ ಹಿಡಿದು ಖುಷಿಯಾಗಿ ಓಡಾಡುವುದನ್ನು ಅವರು ನೋಡಿದ್ದಾರೆ. ಅದರ ಹಿಂದಿನ ದುಡಿತ ಅವರ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಕಣ್ಣಿಗೂ ಇನ್ನೂ ಪೂರ್ತಿ ಬಿದ್ದಿಲ್ಲ ಅನ್ನಿಸುತ್ತದೆ. 1999ರಲ್ಲಿ ಮಾಟುಂಗಾದ ಒಂದು ಸ್ಟುಡಿಯೋಗೆ ಸಹಾಯಕ್ಕೆ ಸೇರಿದಾಗ ನನಗೂ ಗೊತ್ತಿರಲಿಲ್ಲ.

ಫೋಟೋ ತೆಗೆಯುವುದು ನನ್ನ ವಾರದಲ್ಲಿ ಎರಡು ದಿನ. ಮದುವೆ ಸೀಸನ್ನಿನಲ್ಲಿ ಮೂರು. ಉಳಿದ ದಿನವೆಲ್ಲ ಕಂಪ್ಯೂಟರ್ ಮುಂದೆ, ಫೋನಿನಲ್ಲಿ, ಇಲ್ಲವೇ ಲೋಕಲ್ ಟ್ರೈನಿನಲ್ಲಿ. ಕೊಟೇಷನ್ ಕಳಿಸಬೇಕು. ಫೋಟೋ ಆರಿಸಬೇಕು, ಬಣ್ಣ ಸರಿ ಮಾಡಬೇಕು, ಆಲ್ಬಂ ಡಿಸೈನ್ ಕೂರಿಸಬೇಕು. ಅತ್ತೆಯ ಫೋಟೋ ಚಿಕ್ಕದಾಯಿತು ಅಂತ ಫೋನ್ ಬಂದರೆ ಆ ಪುಟ ಮತ್ತೆ ಮಾಡಬೇಕು. ಒಂದು ಮದುವೆಯಲ್ಲಿ ನಾನೂ ನನ್ನ ಸೆಕೆಂಡ್ ಶೂಟರೂ, ಅಂದರೆ ಜೊತೆಗೆ ಬರುವ ಎರಡನೇ ಫೋಟೋಗ್ರಾಫರ್, ಸೇರಿ ಮೂರು ಸಾವಿರ ಫ್ರೇಮ್ ತೆಗೆಯುತ್ತೇವೆ. ಅದರಿಂದ ಐನೂರು ಆರಿಸುವುದಕ್ಕೆ ಎರಡು ದಿನ ಬೇಕು. ಅಷ್ಟನ್ನೂ ಎಡಿಟ್ ಮಾಡಿ, ಆಲ್ಬಂ ಅವರ ಕೈ ಸೇರುವ ಹೊತ್ತಿಗೆ ಒಂದೇ ಮದುವೆಗೆ ಒಟ್ಟು ಹತ್ತು ದಿನದ ದುಡಿತ ಆಗಿರುತ್ತದೆ. ಜನ ನೋಡುವುದು ಮಂಟಪದ ಪಕ್ಕ ನಿಂತ ಒಂದು ದಿನವನ್ನು ಮಾತ್ರ. ದರ ಹೇಳುವಾಗ ಹತ್ತು ದಿನದ ಲೆಕ್ಕ ಹಿಡಿಯದಿದ್ದರೆ ಮೊದಲ ವರ್ಷವೇ ಕೈ ಸುಟ್ಟುಕೊಳ್ಳುತ್ತೀರಿ.

ಆ ಒಂದು ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದಿನ ದಿನವೇ ನಾನು ಹಾಲ್ ನೋಡಿ ಬರುತ್ತೇನೆ, ಮುಖ್ಯವಾಗಿ ದೀಪ ನೋಡುವುದಕ್ಕೆ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಸುತ್ತು. ಅಗ್ಗದ ಎಲ್‌ಇಡಿ ದೀಪಗಳು ಇದರಿಂದ ಸುತ್ತಿಗೆ ಎರಡರಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/250ರಲ್ಲಿ ಇಟ್ಟರೆ ಮದುಮಗಳ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬಂದುಬಿಡಬಹುದು. 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ಅಲುಗುವ ಕೈ ಮಸುಕಾಗುತ್ತದೆ. ಆಗ ಫ್ಲಾಶ್ ಬೇಕು. ಫ್ಲಾಶ್ ಬೆಳಕು ಬಡಿದು ಮರಳುವುದಕ್ಕೆ ಬಿಳಿ ಸೀಲಿಂಗ್ ಇದೆಯಾ, ಅಥವಾ ಮರದ್ದು ಹಾಕಿದ್ದಾರಾ, ಅದನ್ನೂ ನೋಡಬೇಕು. ಇಷ್ಟೆಲ್ಲ ಮೊದಲೇ ತಿಳಿದಿದ್ದರೆ ಮುಹೂರ್ತದ ಹೊತ್ತಿಗೆ ತಲೆ ಖಾಲಿ ಇರುತ್ತದೆ. ಖಾಲಿ ತಲೆ ಇದ್ದರೆ ಜನರನ್ನು ನೋಡಬಹುದು.

ಧಾರೆ ಎರೆಯುವುದು ಹೆಚ್ಚೆಂದರೆ ಒಂದೆರಡು ನಿಮಿಷ. ನಮ್ಮ ಕಡೆಯ ಮದುವೆಯಲ್ಲಿ ಧಾರೆ ಗಿಂಡಿಯ ಮೇಲೆ ಅಪ್ಪ, ಅಮ್ಮ, ಮಾವ, ಅತ್ತೆ, ಎಲ್ಲರ ಕೈ ಸೇರಿರುತ್ತದೆ. ಸುತ್ತ ಇಪ್ಪತ್ತು ಮೊಬೈಲು. ಹೊಸಬರು ನೀರನ್ನೇ ನೋಡುತ್ತಾ ಕಾಯುತ್ತಾರೆ, ನೀರು ಬೀಳುವಾಗ ಒತ್ತುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ತಪ್ಪಿಹೋಗಿರುತ್ತದೆ. ನಾನು ಹುಡುಗಿಯ ಅಪ್ಪನ ಹೆಬ್ಬೆರಳು ನೋಡುತ್ತೇನೆ. ಗಿಂಡಿ ವಾಲುವುದಕ್ಕೆ ಮುಂಚೆ ಆ ಬೆರಳು ಒಮ್ಮೆ ಬಿಗಿಯುತ್ತದೆ. ಬಿಗಿದ ಕೂಡಲೇ ಮುಖಕ್ಕೆ ಫೋಕಸ್ ಮಾಡುತ್ತೇನೆ. ಎಷ್ಟೋ ಅಪ್ಪಂದಿರ ಮುಖ ಆ ಕ್ಷಣದಲ್ಲಿ ಹೇಗಾಗುತ್ತದೆ ಅಂತ ಅವರ ಮನೆಯವರಿಗೇ ಗೊತ್ತಿರುವುದಿಲ್ಲ. ಎಲ್ಲರೂ ನೀರು ನೋಡುತ್ತಿರುತ್ತಾರೆ ಅಲ್ವಾ? ಆಲ್ಬಮ್ಮಿನಲ್ಲಿ ಆ ಪುಟ ಬಂದಾಗ ಮನೆಯವರು ಮಾತು ನಿಲ್ಲಿಸುತ್ತಾರೆ. ಹೆಬ್ಬೆರಳಿನ ವಿಷಯ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಏಳೆಂಟು ವರ್ಷ ಧಾರೆಯ ಮುಂದೆ ನಿಂತ ಮೇಲೆ ತಾನಾಗಿ ಕಂಡಿತು.

ಹೆಣ್ಣುಮಗಳಾಗಿ ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ಮದುಮಗಳ ಕೋಣೆಯೊಳಗೆ ಸಲೀಸಾಗಿ ಹೋಗಬಹುದು. ಅಜ್ಜಿ ಮಲ್ಲಿಗೆ ಮುಡಿಸುವುದು, ಗೆಳತಿಯರು ಅಳುವುದು, ಇವೆಲ್ಲ ಸಿಗುವುದು ಅಲ್ಲೇ. 'ಅಕ್ಕ, ನೀವಿದ್ದರೆ ಸಾಕು' ಅಂತ ಹುಡುಗಿಯರು ಹೇಳುತ್ತಾರೆ. ಕಷ್ಟ ಬರುವುದು ರಾತ್ರಿ. ರಿಸೆಪ್ಷನ್ ಮುಗಿಯುವಾಗ ಕೊನೆಯ ಡೊಂಬಿವಲಿ ಲೋಕಲ್ ಹೋಗಿಯಾಗಿರುತ್ತದೆ. ಹೆಗಲ ಮೇಲೆ ಲಕ್ಷಗಟ್ಟಲೆ ಸಾಮಾನು. ಆದ್ದರಿಂದ ಮನೆಗೆ ಬಿಡುವ ಟ್ಯಾಕ್ಸಿಯ ಹಣವನ್ನು ಕೊಟೇಷನ್ನಿನಲ್ಲೇ ಬರೆಯಿರಿ. ಕೇಳಲು ಸಂಕೋಚ ಬೇಡ.

ಮದುವೆ ಇಲ್ಲದ ತಿಂಗಳು ಹೇಗೆ ಅಂತ ಕೇಳಬಹುದು. ಆಷಾಢದಲ್ಲಿ ಮುಹೂರ್ತ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆಗ ನನ್ನ ಮನೆ ನಡೆಸುವುದು ನಿಮ್ಮ ಅಪ್ಪನ ಹೋಟೆಲಿನಂಥ ಹೋಟೆಲುಗಳು. ಮೆನುಗೆ, ಆರ್ಡರ್ ಮಾಡುವ ಆ್ಯಪ್‌ಗಳಿಗೆ ಎಲ್ಲರಿಗೂ ಫೋಟೋ ಬೇಕು. ಇದನ್ನು ಸುಲಭದ ಕೆಲಸ ಅಂದುಕೊಳ್ಳಬೇಡಿ. ಬಿಳಿ ತಟ್ಟೆಯಲ್ಲಿ ಬಿಳಿ ಇಡ್ಲಿ ಇಟ್ಟು ಕ್ಯಾಮೆರಾದ ಆಟೋ ಮೋಡಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಇಡ್ಲಿ ಬೂದು ಬಣ್ಣಕ್ಕೆ ಬರುತ್ತದೆ, ನಿನ್ನೆಯದರ ಹಾಗೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗೆ ಏನಿದ್ದರೂ ಅದನ್ನು ಮಧ್ಯಮ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಇಡ್ಲಿ ಬಿಳಿ ಅಂತ ಅದಕ್ಕೆ ಗೊತ್ತಿಲ್ಲ. ಒಂದು ಸ್ಟಾಪ್, ಒಂದೂಕಾಲು ಸ್ಟಾಪ್ ನೀವೇ ಮೇಲೇರಿಸಬೇಕು; ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು. ಇನ್ನು ಹಬೆ. ಮುಂದಿನಿಂದ ಬೆಳಕು ಬಿದ್ದರೆ ಹಬೆ ಕಾಣುವುದೇ ಇಲ್ಲ. ಬೆಳಕು ಹಿಂದಿನಿಂದ ಬರಬೇಕು, ಹಬೆಯ ಹಿಂದೆ ಕಪ್ಪು ಹಿನ್ನೆಲೆ ಇರಬೇಕು. ಅಷ್ಟು ಹೊಂದಿಸಿಕೊಂಡ ಮೇಲೆ ಭಟ್ಟರಿಗೆ ಕೂಗಿ ಹೇಳಬೇಕು. ಇಡ್ಲಿ ತಟ್ಟೆಗೆ ಬಿದ್ದ ಮೇಲೆ ಚೆಂದದ ಹಬೆ ಇರುವುದು ಅರ್ಧ ನಿಮಿಷ. ಎಣ್ಣೆ ಸವರಿ, ಬಣ್ಣ ಬಳಿದು ತಿಂಡಿಯನ್ನು ಹೊಳೆಯಿಸುವವರಿದ್ದಾರೆ. ನಾನು ಮಾಡುವುದಿಲ್ಲ. ಭಟ್ಟರು ಬೆಳಗಿನ ಮೂರಕ್ಕೆ ಎದ್ದು ಮಾಡಿದ ತಿಂಡಿ ಅದು. ಇದ್ದ ಹಾಗೆ ಚೆನ್ನಾಗಿ ಕಾಣಿಸುವುದು ನನ್ನ ಕೆಲಸ.

ಹಣದ ವಿಷಯ. ನೀವು ಅಕೌಂಟ್ಸ್‌ನವರು, ಅದು ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಒಳ್ಳೆಯ ಫೋಟೋ ತೆಗೆದೂ ಈ ಕೆಲಸ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ. ಬಹಳಷ್ಟು ಜನ ಸೋತದ್ದು ಲೆಕ್ಕದಲ್ಲಿ. ಒಂದು ತಿಂಗಳು ಒಂದು ಲಕ್ಷ ಬರುತ್ತದೆ, ಮುಂದಿನ ತಿಂಗಳು ಹನ್ನೆರಡು ಸಾವಿರ. ಲಕ್ಷ ಬಂದ ತಿಂಗಳು ಹೊಸ ಲೆನ್ಸ್ ಕೊಂಡರೆ ಮುಗಿಯಿತು. ಕಂಪನಿಗಳು ಬಿಲ್ಲಿನಲ್ಲಿ ತೆರಿಗೆಯ ಪಾಲು, ಅಂದರೆ ಟಿಡಿಎಸ್, ಹಿಡಿದು ಕೊಡುತ್ತವೆ. ಅದೂ ತಡವಾಗಿ. ಒಂದು ಕಂಪನಿಯ ವಾರ್ಷಿಕ ಸಮಾರಂಭದ ಹಣಕ್ಕೆ ನಾನು ಐದು ತಿಂಗಳು ಅಲೆದೆ. ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ. ಅರ್ಧ ಅಡ್ವಾನ್ಸ್ ಬರದೆ ತಾರೀಕು ಹಿಡಿದಿಡುವುದಿಲ್ಲ. ಬಾಕಿ ಹಣ ಬರದೆ ಪೂರ್ತಿ ಫೈಲು ಕೊಡುವುದಿಲ್ಲ. ನೆಂಟರಿಗೂ ಇದೇ ನಿಯಮ. ನೆಂಟರಿಗೆ ಮೊದಲು ಅನ್ವಯಿಸಿ ಅಂತಲೇ ಹೇಳುತ್ತೇನೆ.

ಹಕ್ಕಿನ ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಆದರೆ ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮೊದಲ ಹಕ್ಕುದಾರರು ತೆಗೆಸಿದವರೇ. 17ನೇ ಸೆಕ್ಷನ್ನಿನಲ್ಲಿ ಇದು ಸ್ಪಷ್ಟವಾಗಿದೆ. 'ನಾನು ತೆಗೆದದ್ದು, ನನ್ನದು' ಅಂತ ಅಂದುಕೊಂಡು ಆಮೇಲೆ ಪೇಚಾಡಬೇಡಿ. ಹಕ್ಕು ಯಾರದು, ನಿಮ್ಮ ಕೆಲಸದ ಮಾದರಿಯಾಗಿ ಆ ಫೋಟೋ ತೋರಿಸಬಹುದಾ, ಅವರು ಜಾಹೀರಾತಿಗೆ ಬಳಸಬಹುದಾ, ಇವಿಷ್ಟು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಮದುವೆ ಮನೆಯವರಲ್ಲಿ ಮಾತ್ರ ಬೇರೆಯಾಗಿಯೇ ಕೇಳಿ. ಅವರ ಮನೆಯ ಹುಡುಗಿಯ ಮುಖವನ್ನು ನಮ್ಮ ಜಾಹೀರಾತಿಗೆ ಹಾಕುವುದು ಸಣ್ಣ ವಿಷಯವಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಫೋರ್ಟಿನ ಬೋರಾ ಬಜಾರಿನ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ನೋಡಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ಪರೀಕ್ಷಿಸಿ, ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಮುಂಬೈ ಮಳೆಗಾಲ ನಾಲ್ಕು ತಿಂಗಳು, ಬೀರುವಿನಲ್ಲಿ ಇಟ್ಟ ಲೆನ್ಸು ಕೆಡುವುದಕ್ಕೆ ಅಷ್ಟು ಸಾಕು. ತೇವ 40ರಿಂದ 50 ಪರ್ಸೆಂಟಿನಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ ಒಂದು ಕೊಳ್ಳಿ. ಹೊಸ ಕ್ಯಾಮೆರಾಗಿಂತ ಅದು ಮೊದಲು.

ಇನ್ನು ಪ್ರೀತಿ. ನಿಮ್ಮ ಪತ್ರದಲ್ಲಿ ನಾನು ಬಹಳ ಹೊತ್ತು ಯೋಚಿಸಿದ ಸಾಲು ಅದೇ.

ಕ್ಯಾಮೆರಾದ ಮೇಲಿನ ಪ್ರೀತಿ ಹೋಗುತ್ತದೆ. ನನಗೆ ಮೂರನೇ ವರ್ಷಕ್ಕೇ ಹೋಯಿತು. ಭಾನುವಾರ ಸುಮ್ನೆ ಕ್ಯಾಮೆರಾ ಹಿಡಿದು ಮರೀನ್ ಡ್ರೈವಿಗೆ ಹೋಗುತ್ತಿದ್ದವಳು ಹೋಗುವುದು ಬಿಟ್ಟೆ. ಆಗ ನಾನೂ ಹೆದರಿದ್ದೆ. ಈ ಕೆಲಸ ನನಗಲ್ಲವೇನೋ ಅನ್ನಿಸಿತ್ತು. ಅದರ ಜಾಗಕ್ಕೆ ಬೇರೆ ಏನೋ ಬಂತು. ಯಾವಾಗ ಬಂತು ಅಂತ ತಾರೀಕು ಸಮೇತ ಹೇಳಬಲ್ಲೆ.

2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ನಾನಿದ್ದ ಸ್ಟುಡಿಯೋ ಗಾಂಧಿ ಮಾರ್ಕೆಟ್ ಹತ್ತಿರ, ನೆಲಮಾಳಿಗೆಯಲ್ಲ, ಆದರೂ ರಸ್ತೆಯ ಮಟ್ಟಕ್ಕೇ ಇತ್ತು. ಕಿಂಗ್ಸ್ ಸರ್ಕಲ್ ಸುತ್ತಮುತ್ತ ಸಾಧಾರಣ ಮಳೆಗೇ ನೀರು ನಿಲ್ಲುತ್ತದೆ. ಅಂದು ಎದೆಮಟ್ಟ. ಮರುದಿನ ಮಧ್ಯಾಹ್ನ ಬಾಗಿಲು ತೆಗೆದಾಗ ಹದಿನೈದು ವರ್ಷದ ನೆಗೆಟಿವ್‌ಗಳು ಕೆಸರು ನೀರಿನಲ್ಲಿ ಮುಳುಗಿದ್ದವು. ನಾನು ಒಂದು ಕಟ್ಟು ಎತ್ತಿ ಫ್ಯಾನಿಗೆ ಒಣಗಿಸಲು ಹೋದೆ. ಮಾಲೀಕರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು, ಜೋರಾಗಿ ಕೂಗಿದರು. 'ಒಣಗಿಸಬೇಡ, ಒಣಗಿದರೆ ಹೋಯ್ತು!'

ಅವರು ಹೇಳಿದ್ದು ಸರಿ. ಒದ್ದೆ ನೆಗೆಟಿವ್ ಮೇಲಿನ ಲೇಪ ಉಬ್ಬಿ ಮೆತ್ತಗಾಗಿರುತ್ತದೆ. ಹಾಗೇ ಒಣಗಿದರೆ ಒಂದಕ್ಕೊಂದು, ಕವರಿನ ಕಾಗದಕ್ಕೆ, ಅಂಟಿಕೊಂಡುಬಿಡುತ್ತದೆ. ಮತ್ತೆ ಬಿಡಿಸಲಾಗದು. ಬಕೆಟ್ಟಿನಲ್ಲಿ ತಣ್ಣನೆಯ ಶುದ್ಧ ನೀರು ತುಂಬಿ ಎಲ್ಲವನ್ನೂ ಅದರಲ್ಲೇ ಇಟ್ಟೆವು. ಒಂದೊಂದೇ ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿದು ನೀರಿನೊಳಗೇ ಬಿಡಿಸಿದೆವು. ಮೂರು ನೀರಿನಲ್ಲಿ ತೊಳೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಸಿದೆವು. ಕರೆಂಟ್ ಇಲ್ಲ. ಕೈ ನೆನೆದು ಸುಕ್ಕಾಗಿತ್ತು. ಹೀಗೆ ನಾಲ್ಕು ದಿನ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು.

ವಾರ ಕಳೆದ ಮೇಲೆ ಜನ ಬರತೊಡಗಿದರು. ಕುರ್ಲಾದಿಂದ ಗಂಡ ಹೆಂಡತಿ ಬಂದರು. ಮನೆಯ ಸಾಮಾನೆಲ್ಲ ಹೋಗಿದೆ, ಮದುವೆ ಆಲ್ಬಂ ಮುದ್ದೆಯಾಗಿದೆ. ನೆಗೆಟಿವ್ ಏನಾದರೂ ಇದೆಯಾ ಅಂತ ಕೇಳಿದರು. ರಿಜಿಸ್ಟರ್ ನೋಡಿದೆವು. ಎರಡು ರೋಲಿನಲ್ಲಿ ಒಂದು ಉಳಿದಿತ್ತು. ಅದರಲ್ಲಿ ಆ ಹೆಂಗಸಿನ ತಾಯಿ ಇದ್ದರು, ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಮೂಲೆಯಲ್ಲಿ ಕೆಸರಿನ ಕಲೆ ಹಾಗೇ ಇತ್ತು. ಪ್ರಿಂಟ್ ಹಾಕಿ ಕೊಟ್ಟೆವು. ಆಕೆ ಫುಟ್‌ಪಾತಿನಲ್ಲಿ ನಿಂತು ಅದನ್ನು ಎಷ್ಟು ಹೊತ್ತು ನೋಡಿದರು ಅಂದರೆ, ಗಂಡ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿರಬೇಕಾಯಿತು. ಹಣ ಎಷ್ಟು ಅಂತ ಕೇಳಿದ್ದಕ್ಕೆ ಅಣ್ಣ ಕೈಯಾಡಿಸಿ ಕಳಿಸಿದರು.

ನಾನು ಉಳಿದದ್ದು ಆ ದಿನದಿಂದ. ಜನ ತಮ್ಮ ಮನೆಯ ಒಂದು ದಿನವನ್ನು ನಮ್ಮ ಕೈಗೆ ಕೊಟ್ಟು ಹೋಗುತ್ತಾರೆ. ಅದನ್ನು ಹಾಳಾಗದಂತೆ ಇಟ್ಟುಕೊಂಡು, ಚೆನ್ನಾಗಿ ಮಾಡಿ ಹಿಂದಿರುಗಿಸಬೇಕು. ನನಗೆ ಈಗ ಇಷ್ಟವಾಗಿರುವುದು ಇದು. ಇದು ಕಡಿಮೆಯಾಗಿಲ್ಲ, ವರ್ಷ ಹೋದಂತೆ ಜಾಸ್ತಿ ಆಗಿದೆ. 2009ರಲ್ಲಿ ಒಂದು ಸೀಮಂತದ ಫೋಟೋಗಳಿದ್ದ ಮೆಮೊರಿ ಕಾರ್ಡು, ಮನೆಗೆ ಬಂದು ಹಾಕಿ ನೋಡಿದರೆ, ತೆರೆಯಲೇ ಇಲ್ಲ. ರಿಕವರಿ ಮಾಡಿದಾಗ ಅರ್ಧ ಬಂತು, ಆರತಿಯದು ಬರಲಿಲ್ಲ. ಹಣ ವಾಪಸ್ ಕೊಟ್ಟೆ. ಆ ಹುಡುಗಿ 'ಪರವಾಗಿಲ್ಲ ಅಕ್ಕ' ಅಂದಳು, ನನಗೆ ಪರವಾಗಿಲ್ಲ ಅನ್ನಿಸಲಿಲ್ಲ. ಅಂದಿನಿಂದ, ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ಕ್ಯಾಮೆರಾ ಬಿಟ್ಟು ಬೇರೆಯದನ್ನು ನಾನು ಕಾರ್ಯಕ್ರಮಕ್ಕೆ ಒಯ್ಯುವುದಿಲ್ಲ. ಅಂದೇ ರಾತ್ರಿ ಎರಡು ಡಿಸ್ಕಿಗೆ ಕಾಪಿ ಆಗಬೇಕು. ಒಂದು ಡಿಸ್ಕು ಮುಲುಂಡಿನ ತಂಗಿಯ ಮನೆಯಲ್ಲಿ ಇರುತ್ತದೆ.

ಪ್ರೀತಿ ಮುಗಿದಾಗ ಗೌರವದಿಂದ ನಿಲ್ಲಿಸಿದವರೂ ಇದ್ದಾರೆ. ಹೋಮಾಯ್ ವ್ಯಾರವಾಲಾ ಅವರ ಹೆಸರು ಕೇಳಿರಬೇಕು, ನಮ್ಮ ದೇಶದ ಮೊದಲ ಮಹಿಳಾ ಪ್ರೆಸ್ ಫೋಟೋಗ್ರಾಫರ್. 1913ರಲ್ಲಿ ಹುಟ್ಟಿದವರು, ಇದೇ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ಶುರುವಿನಲ್ಲಿ ಅವರ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಸ್ವಾತಂತ್ರ್ಯದ ಹೊತ್ತಿನ ದಿಲ್ಲಿಯನ್ನು ಹತ್ತಿರದಿಂದ ತೆಗೆದ ಅವರು 1970ರಲ್ಲಿ ಈ ಕೆಲಸ ನಿಲ್ಲಿಸಿದರು. ಹೊಸ ಫೋಟೋಗ್ರಾಫರ್‌ಗಳು ನಡೆದುಕೊಳ್ಳುವ ರೀತಿ ಅವರಿಗೆ ಹಿಡಿಸಿರಲಿಲ್ಲ. 2012ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಈ ವೃತ್ತಿಗೆ ಬರಲಿಲ್ಲ. ಎದುರಿಗಿರುವ ಮನುಷ್ಯನ ಮರ್ಯಾದೆ ಅವರಿಗೆ ಚಿತ್ರಕ್ಕಿಂತ ದೊಡ್ಡದಾಗಿತ್ತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನೂ ಸಿಕ್ಕಲ್ಲಿ ನೋಡಿ. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ತೆಗೆದವರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಅವರ ಚಿತ್ರದಲ್ಲಿ ಯಾರೂ ಕ್ಯಾಮೆರಾಗೆ ಹೆದರಿದಂತೆ ಕಾಣುವುದಿಲ್ಲ. ಅದು ಲೆನ್ಸಿನಿಂದ ಬರುವುದಲ್ಲ.

ನನಗೂ ಸುಮ್ನೆ ಖುಷಿಗೆ ಒಂದು ಕೆಲಸ ಇದೆ. ಮೇ ಕೊನೆಯ ಪತ್ತನಾಜೆಯ ದಿನ ಊರಿನಲ್ಲಿ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬೈಗೆ ಬರುತ್ತಾರೆ. ನನಗೂ ಆಗ ಮದುವೆ ಕೆಲಸ ಇರುವುದಿಲ್ಲ. ಚೌಕಿಯಲ್ಲಿ, ಅಂದರೆ ಅವರ ವೇಷದ ಕೋಣೆಯಲ್ಲಿ, ಕೂತು ಅವರು ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯುತ್ತೇನೆ. ಬಿಲ್ಲಿಲ್ಲ, ಡೆಲಿವರಿ ತಾರೀಕಿಲ್ಲ. ಇಂಥದ್ದೊಂದು ನೀವೂ ಇಟ್ಟುಕೊಳ್ಳಿ. ಅದಕ್ಕೆ ಯಾರಿಂದಲೂ ಹಣ ತೆಗೆದುಕೊಳ್ಳಬೇಡಿ.

ಈಗ ನಿಮ್ಮ ನಿರ್ಧಾರ. ತಕ್ಷಣ ಕೆಲಸ ಬಿಡಬೇಡಿ. ಒಂದು ವರ್ಷ ಶನಿವಾರ ಭಾನುವಾರ ಯಾರಾದರೂ ಅನುಭವಸ್ಥರ ಜೊತೆ ಸೆಕೆಂಡ್ ಶೂಟರ್ ಆಗಿ ಹೋಗಿ. ಹತ್ತು ಮದುವೆಯಾದರೂ ಮಾಡಿ, ಆಲ್ಬಂ ಕೈಗೆ ಕೊಡುವವರೆಗೆ ಜೊತೆಗಿರಿ. ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇರಲಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಒಂದು ವಾರ ರಜೆ ಹಾಕಿ, ದಿನಾ ಬೆಳಗ್ಗೆ ಅಪ್ಪನ ಜೊತೆ ಹೋಟೆಲಿಗೆ ಹೋಗಿ. ಶಟರ್ ಎತ್ತುವುದರಿಂದ ಹಿಡಿದು ಮಧ್ಯಾಹ್ನದ ಊಟದ ರಶ್ ಮುಗಿಯುವವರೆಗೆ ತೆಗೆಯಿರಿ. ಮೊದಲ ದಿನ ಎಲ್ಲ ಹೊಸದಾಗಿ ಕಾಣುತ್ತದೆ. ಮೂರನೇ ದಿನ ತೆಗೆಯುವುದಕ್ಕೆ ಏನೂ ಉಳಿದಿಲ್ಲ ಅನ್ನಿಸುತ್ತದೆ. ಆಗ ನಿಲ್ಲಿಸಬೇಡಿ. ಗಲ್ಲಾದಲ್ಲಿ ಕೂತ ಅಪ್ಪ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುವಾಗ ಅವರ ಕೈ ನೋಡಿ, ಸಪ್ಲೈಯರ್ ತಡ ಮಾಡಿದಾಗ ಅವರ ಮುಖ ನೋಡಿ. ಏಳನೇ ದಿನವೂ ನೀವು ಐದಕ್ಕೆ ಎದ್ದು ಹೊರಟರೆ, ಆ ವಾರದ ಫೋಟೋಗಳಲ್ಲಿ ಒಂದನ್ನು ಆರಿಸಿ ಎಂಟು ಬೈ ಹತ್ತು ಪ್ರಿಂಟ್ ಹಾಕಿಸಿ ಅಪ್ಪನ ಕೈಗೆ ಕೊಡಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಇಡ್ಲಿಯ ಫೋಟೋವನ್ನೂ ಕಳಿಸಿ, ಬಿಳಿಯಾಗಿ ಬಂದಿದೆಯಾ ನೋಡೋಣ.